ಇಂಥದ್ದು ಪೆನಾಂಗಲ್ಲೂ ತಿಂದಿಲ್ಲ

ಮೈಸೂರಿನ ಶ್ರೀರಾಂಪುರದ ಆಚೆ ರಿಂಗ್ ರೋಡಿನ ಪಕ್ಕದಲ್ಲಿ ‘ಪೆನಾಂಗ್ ಪೇಟೆ’ ಅನ್ನುವ ಹೋಟೆಲು ಶುರುವಾದಾಗ, ಬನ್ನಿಮಂಟಪದಲ್ಲಿ ತಮ್ಮನ ಮನೆಯಲ್ಲಿದ್ದ ಲೂರ್ದಮ್ಮನಿಗೆ ಅದರಿಂದ ಆಗಬೇಕಾದದ್ದು ಏನೂ ಇರಲಿಲ್ಲ. ಅದನ್ನು ಮನೆಯವರೆಗೂ ತಂದವಳು ತಮ್ಮ ಡೊಮಿನಿಕ್‌ನ ಮಗಳು ಬೀನಾ. ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ಅವಳಿಗೆ ಕೆಲಸ. ಹೋಟೆಲಿನ ಮಾಲೀಕ ಮಹೇಂದ್ರ ಅಲ್ಲಿಗೆ ದವಡೆ ಹಲ್ಲು ತೋರಿಸಲು ಬಂದಾಗ, “ನಮ್ಮತ್ತೆ ಹತ್ತೊಂಬತ್ತು ವರ್ಷ ಪೆನಾಂಗಲ್ಲೇ ಇದ್ರು” ಅಂತ ಇವಳು ಬಾಯಿ ಬಿಟ್ಟಳು. ಮಹೇಂದ್ರನಿಗೆ ಹಲ್ಲುನೋವು ಮರೆತೇ ಹೋಯಿತಂತೆ.

“ನಿಜ್ವಾಗ್ಲೂನಾ? ಕರ್ಕೊಂಡ್ ಬನ್ನಿ ಅವರನ್ನ. ನಮ್ ಗೆಸ್ಟು ಅವ್ರು!”

ಲೂರ್ದಮ್ಮ ಮಲೇಷ್ಯಾದ ಪೆನಾಂಗಿನಲ್ಲಿ ಇದ್ದದ್ದು ನಿಜ. ಹೇಗೆ ಇದ್ದಳು ಅನ್ನುವುದನ್ನು ಮಾತ್ರ ಮೈಸೂರಿನಲ್ಲಿ ಯಾರೂ ಕೇಳಿರಲಿಲ್ಲ. ಇಪ್ಪತ್ತೊಂಬತ್ತನೇ ವಯಸ್ಸಿಗೆ ಗಂಡ ತೀರಿಕೊಂಡ ಮೇಲೆ ಏಜೆಂಟನೊಬ್ಬ ಮನೆಗೆಲಸಕ್ಕೆಂದು ಅವಳನ್ನು ಅಲ್ಲಿಗೆ ಕಳಿಸಿದ್ದ. ಕಾಗದದಲ್ಲಿ ಮನೆಗೆಲಸ ಅಂತಲೇ ಇತ್ತು. ಆದರೆ ಆ ಮನೆಯ ಒಡತಿ, ಆಹ್ ಲಿಯಾನ್ ಅನ್ನುವ ಚೀನೀ ಮುದುಕಿ, ಮಾರ್ಕೆಟ್ಟಿನ ಮೂಲೆಯಲ್ಲಿ ಲಕ್ಸ ಮಾರುತ್ತಿದ್ದಳು. ಲಕ್ಸ ಅಂದರೆ ಹುಣಸೆಹುಳಿ ಹಾಕಿ ಕುದಿಸಿದ ಮೀನಿನ ಸಾರು. ದಪ್ಪ ಅಕ್ಕಿಶಾವಿಗೆಯ ಮೇಲೆ ಸುರಿದು ಕೊಡುತ್ತಾರೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ಬೆಂದ ಬಂಗಡೆ ಮೀನು ಸುಡುತ್ತಿರುವಾಗಲೇ ಅದರ ಮುಳ್ಳು ಬಿಡಿಸುವುದು ಲೂರ್ದಮ್ಮನ ಕೆಲಸ. ಆರಿದ ಮೇಲೆ ಬಿಡಿಸಿದರೆ ಮೀನು ಹಿಟ್ಟಾಗುತ್ತದೆ ಅಂತ ಮುದುಕಿ ಬೈಯುತ್ತಿದ್ದಳು. ಆಮೇಲೆ ಮೆಣಸಿನಕಾಯಿ ರುಬ್ಬಬೇಕು, ಗಾಡಿಯ ಹಿಂದೆ ಗಿಡ್ಡ ಸ್ಟೂಲಿನ ಮೇಲೆ ಕುಕ್ಕರಿಸಿ ಬಟ್ಟಲು ತೊಳೆಯಬೇಕು. ಮುದುಕಿ ಒಳ್ಳೆಯವಳೇನಲ್ಲ. ಪಾಸ್‌ಪೋರ್ಟು ತನ್ನ ಬೀರುವಿನಲ್ಲಿ ಇಟ್ಟು ಬೀಗ ಹಾಕಿದ್ದಳು. ಆದರೆ ಅವಳ ಸಾರಿಗೆ ಹೆಸರಿಡುವವರು ಆ ಊರಿನಲ್ಲಿ ಇರಲಿಲ್ಲ.

ಮೈಸೂರಿಗೆ ವಾಪಸು ಬಂದು ಹದಿಮೂರು ವರ್ಷವಾಗಿತ್ತು. ಬಂದಾಗ ಜನ ಕೇಳಿದ್ದು ಒಂದೇ: ಎಷ್ಟು ಬಳೆ ತಂದೆ? ಆಮೇಲೆ ಅದನ್ನೂ ಕೇಳಲಿಲ್ಲ.

ಹಾಗಾಗಿ, ಯಾರೋ ಕರೆದಿದ್ದಾರೆ ಅಂದಾಗ ಲೂರ್ದಮ್ಮ ಮೊದಲು ಮೂಗು ಮುರಿದರೂ, ಭಾನುವಾರ ಪೂಜೆ ಮುಗಿಸಿಕೊಂಡು ಚರ್ಚಿನಿಂದ ನೇರವಾಗಿ ಬೀನಾಳ ಜೊತೆ ಹೊರಟೇಬಿಟ್ಟಳು. ಪೆನಾಂಗಿನಿಂದ ತಂದಿದ್ದ ಹೂವಿನ ಸೀರೆಯನ್ನೇ ಉಟ್ಟಿದ್ದಳು.

ಬಾಗಿಲಲ್ಲೇ ಮಹೇಂದ್ರ ಕೈ ಮುಗಿದು ನಿಂತಿದ್ದ. ಮೂವತ್ತೈದರ ಆಸುಪಾಸಿನ ಆಳು, ನುಣ್ಣಗೆ ಕತ್ತರಿಸಿದ ಗಡ್ಡ. ಅವನಪ್ಪನ ಹೊಲ ಲೇಔಟ್ ಆಗಿ, ಆ ಜಾಗದಲ್ಲೇ ಈ ಮೂರಂತಸ್ತಿನ ಕಟ್ಟಡ ಎದ್ದಿತ್ತು. ಮಲೇಷ್ಯಾಕ್ಕೆ ಆರು ದಿನದ ಟೂರು ಹೋಗಿ ಬಂದವನು, ಅದರಲ್ಲಿ ಎರಡು ದಿನ ಪೆನಾಂಗ್.

“ಬನ್ನಿ ಆಂಟಿ, ನಿಮ್ಮೂರಿಗೆ ಬನ್ನಿ!” ಅಂದ.

ಒಳಗೆ ಕಾಲಿಟ್ಟ ಲೂರ್ದಮ್ಮ ಸುತ್ತ ನೋಡಿದಳು. ಗೋಡೆಗೆಲ್ಲ ತಗಡು ಹೊಡೆದಿದ್ದರು. ಹೊಚ್ಚಹೊಸ ತಗಡು, ಅದರ ಮೇಲೆ ಬ್ರಷ್ಷಿನಲ್ಲಿ ತುಕ್ಕಿನ ಬಣ್ಣ ಬಳಿದಿದ್ದರು. ಸೂರಿನಿಂದ ಒಂದು ಸೈಕಲ್ಲು ತಲೆಕೆಳಗಾಗಿ ನೇತಾಡುತ್ತಿತ್ತು. ನಡುವೆ ಒಂದು ತಳ್ಳುಗಾಡಿ, ಅದರ ಚಕ್ರಗಳನ್ನು ನೆಲಕ್ಕೆ ಸಿಮೆಂಟು ಹಾಕಿ ಕೂರಿಸಿದ್ದರು. ತಳ್ಳಲಾಗದ ತಳ್ಳುಗಾಡಿಯನ್ನು ಅವಳು ಅವತ್ತೇ ಮೊದಲು ಕಂಡದ್ದು. ಎಲ್ಲಕ್ಕಿಂತ ಸೋಜಿಗ ಅಂದರೆ ಸ್ಪೀಕರಿನಿಂದ ಹಾರ್ನಿನ ಸದ್ದು, ಬೀದಿಯ ಗಲಾಟೆ, ಯಾರೋ ಕೂಗಿ ಮಾರುವ ಸದ್ದು ಬರುತ್ತಿತ್ತು. ಗಾಜಿನಾಚೆ ರಿಂಗ್ ರೋಡಿನಲ್ಲಿ ಲಾರಿ, ಬಸ್ಸು, ಎಳನೀರಿನವನು ಎಲ್ಲ ಇದ್ದರು. ಆ ಸದ್ದು ಒಳಗೆ ಬರಬಾರದೆಂದು ಎರಡು ಪದರ ಗಾಜು ಹಾಕಿಸಿ, ಒಳಗೆ ರೆಕಾರ್ಡ್ ಮಾಡಿದ ಸದ್ದು ಬಿಟ್ಟಿದ್ದರು.

“ಸ್ಟ್ರೀಟ್ ಫೀಲ್ ಬರ್ಲಿ ಅಂತ ಆಂಟಿ,” ಅಂದ ಮಹೇಂದ್ರ.

“ಬಾಗ್ಲು ತೆಗೆದ್ರೆ ಬರ್ತಿತ್ತಲ್ಲಪ್ಪ,” ಅಂದಳು ಲೂರ್ದಮ್ಮ. ಮಹೇಂದ್ರ ನಕ್ಕ. ಯಾವ ಮಾತಿಗೂ ನಗುವ ಅಭ್ಯಾಸ ಅವನಿಗಿತ್ತು.

ಕೂರಲು ಗೇಣೆತ್ತರದ ಪ್ಲಾಸ್ಟಿಕ್ ಸ್ಟೂಲು. ಸುತ್ತಲಿನ ಜನ ಅದರ ಮೇಲೆ ಕುಕ್ಕರಿಸಿ, ಮಂಡಿ ಎದೆಗೆ ತಾಗಿಸಿಕೊಂಡು, ಒಬ್ಬರ ಫೋಟೋ ಒಬ್ಬರು ತೆಗೆಯುತ್ತ ಹಿಗ್ಗುತ್ತಿದ್ದರು. ಇವರ್‍ಯಾರೂ ಮನೆಯಲ್ಲಿ ಮಣೆ ಹಾಕಿದರೆ ಕೂರುವವರಲ್ಲ ಅಂದುಕೊಂಡಳು ಲೂರ್ದಮ್ಮ. ಅವಳ ಮಂಡಿ ಸವೆದದ್ದೇ ಅಂಥ ಸ್ಟೂಲಿನ ಮೇಲೆ. “ನಂಗೊಂದು ಕುರ್ಚಿ ಕೊಡ್ಸಪ್ಪ” ಅಂದಳು. ಹುಡುಕಿ ಹುಡುಕಿ ಆಫೀಸಿನ ಚಕ್ರದ ಕುರ್ಚಿಯೊಂದನ್ನು ತಂದರು.

ಊಟ ಬಂತು. ಮೊದಲು ಕಡ್ಡಿಗೆ ಚುಚ್ಚಿದ ಕೋಳಿ, ಅದರ ಮೇಲೊಂದು ಗಾಜಿನ ಗುಮ್ಮಟ, ಗುಮ್ಮಟದ ತುಂಬ ಹೊಗೆ. ವೇಟರು ಗುಮ್ಮಟ ಎತ್ತಿದ. ಹೊಗೆ ಬೀನಾಳ ಕಣ್ಣಿಗೆ ಹೋಯಿತು. ಪಕ್ಕದ ಟೇಬಲಿನವರು ಚಪ್ಪಾಳೆ ತಟ್ಟಿದರು. ಕೋಳಿ ಹೊರಗೆ ಬೆಂದು ಒಳಗೆ ತಣ್ಣಗಿತ್ತು. ಅದರ ಕಡಲೆಕಾಯಿ ಸಾಸು, ಕಡಲೆ ಮಿಠಾಯಿಯನ್ನು ನೀರಲ್ಲಿ ಕದಡಿ ಖಾರದಪುಡಿ ಉದುರಿಸಿದ ಹಾಗಿತ್ತು. ಆಮೇಲೆ ನೂಡಲ್ಸು, ಬನ್ನಿಮಂಟಪದ ಗೋಬಿ ಗಾಡಿಯವನು ಇದಕ್ಕಿಂತ ಬಿಸಿಯಾಗಿ ಕೊಡುತ್ತಾನೆ.

ಕೊನೆಗೆ ಲಕ್ಸ. ಎನಾಮಲ್ ಮಗ್ಗಿನಲ್ಲಿ ಬಂತು. ಲೂರ್ದಮ್ಮ ಚಮಚ ಹಾಕಿ ಕಲಕಿದಳು. ಮೀನಿನ ಸುಳಿವಿಲ್ಲ, ಹುಣಸೆಯ ವಾಸನೆಯಿಲ್ಲ. ತೆಂಗಿನಹಾಲು, ಪನೀರು, ಟೊಮ್ಯಾಟೋ ಸಾಸಿನ ಸಿಹಿ. ಒಂದು ಗುಟುಕು ಬಾಯಿಗೆ ಹಾಕಿಕೊಂಡವಳು ನುಂಗಲೋ ಉಗುಳಲೋ ಅಂತ ಕಣ್ಣು ಮುಚ್ಚಿ ಒಂದು ಗಳಿಗೆ ಯೋಚಿಸಿ, ಕರೆದವರ ಮರ್ಯಾದೆಗೆ ನುಂಗಿದಳು.

ಅಷ್ಟರಲ್ಲಿ ಮಹೇಂದ್ರ ಎದುರಿಗೆ ಬಂದು ಕೂತಿದ್ದ. ಅವನ ಹಿಂದೆ ಸಿಂಚನ ಅನ್ನುವ ಹುಡುಗಿ ಫೋನು ಹಿಡಿದು ನಿಂತಿದ್ದಳು; ಹೋಟೆಲಿನ ವಿಡಿಯೋ ಮಾಡುವುದೇ ಅವಳ ಕೆಲಸವಂತೆ.

“ಆಂಟಿ, ಒಂದೇ ಮಾತು. ಹೆಂಗಿದೆ ನಮ್ ಲಕ್ಸ?”

ಲೂರ್ದಮ್ಮ ಮಗ್ಗನ್ನು ಪಕ್ಕಕ್ಕೆ ಸರಿಸಿದಳು. ಅವನ ಮುಖ ನೋಡಿದಳು.

“ಇಂಥದ್ದನ್ನ ನಾನು ಪೆನಾಂಗಲ್ಲೂ ತಿಂದಿಲ್ಲ ಕಣಪ್ಪ.”

ಒಂದು ಕ್ಷಣ ಬಿಟ್ಟು ಮುಂದುವರಿಸಿದಳು. “ನಮ್ಮ ಮುದುಕಿ ಏನಾದ್ರೂ ಇದನ್ನ ನೋಡಿದ್ದಿದ್ರೆ ಮಗ್ಗು ಸಮೇತ ಮೋರಿಗೆ ಎಸೀತಿದ್ಲು. ಮೀನೇ ಇಲ್ದೆ ಎಂಥದಪ್ಪ ಲಕ್ಸ? ಯಾರ್ ಹೇಳ್ಕೊಟ್ಟಿದ್ದು ನಿಂಗೆ?”

ಮಹೇಂದ್ರ ಅದಕ್ಕೂ ನಕ್ಕ. “ಸೂಪರ್ ಆಂಟಿ, ಸೂಪರ್,” ಅಂದ.

ನಾಲ್ಕನೇ ದಿನ ಬೀನಾ ಕೆಲಸದಿಂದ ಬಂದವಳೇ ಫೋನು ಹಿಡಿದು ಅಡುಗೆಮನೆಗೆ ನುಗ್ಗಿದಳು. “ಅತ್ತೇ, ನೋಡಿ ಇಲ್ಲಿ!”

ಫೋನಿನಲ್ಲಿ ಲೂರ್ದಮ್ಮನ ಮುಖ. ಹಿಂದೆ ಯಾವುದೋ ಚೀನೀ ಸಂಗೀತ. ಅವಳು ಮಗ್ಗಿನಿಂದ ಗುಟುಕು ಕುಡಿಯುತ್ತಾಳೆ, ಕಣ್ಣು ಮುಚ್ಚಿ ನುಂಗುತ್ತಾಳೆ, ಆಮೇಲೆ ಹೇಳುತ್ತಾಳೆ: “ಇಂಥದ್ದನ್ನ ನಾನು ಪೆನಾಂಗಲ್ಲೂ ತಿಂದಿಲ್ಲ ಕಣಪ್ಪ.” ಅಲ್ಲಿಗೆ ಕತ್ತರಿಸಿದ್ದರು. ಮೋರಿಯೂ ಇಲ್ಲ, ಮುದುಕಿಯೂ ಇಲ್ಲ. ಕೆಳಗೆ ದಪ್ಪಕ್ಷರದಲ್ಲಿ ‘ಹತ್ತೊಂಬತ್ತು ವರ್ಷ ಪೆನಾಂಗ್‌ನಲ್ಲಿದ್ದ ಲೂರ್ದ್ ಆಂಟಿಯ ಮೆಚ್ಚುಗೆ’ ಅಂತ ಬರೆದಿತ್ತು.

“ಮುಂಡೇದು!” ಅಂದಳು ಲೂರ್ದಮ್ಮ.

“ಫೋನ್ ಮಾಡಿ ತೆಗ್ಸಿಬಿಡ್ಲಾ ಅತ್ತೆ?”

ಆಗ ಲೂರ್ದಮ್ಮ ‘ತೆಗೆಸು’ ಅನ್ನಬೇಕಾಗಿತ್ತು. ಅನ್ನಲಿಲ್ಲ. “ಇರ್ಲಿ ಬುಡು, ನಾಯಿ ಬೊಗಳಿದ್ರೆ ದೇವಲೋಕ ಹಾಳಾಗುತ್ತಾ,” ಅಂದು ಒಗ್ಗರಣೆಗೆ ತಿರುಗಿದಳು.

ಮುಂದಿನ ಭಾನುವಾರ ಚರ್ಚಿನ ಅಂಗಳದಲ್ಲಿ, ಹದಿಮೂರು ವರ್ಷ ಮುಖ ಕೊಟ್ಟು ಮಾತಾಡದಿದ್ದವರೆಲ್ಲ ಅವಳನ್ನು ಸುತ್ತುವರಿದರು. ಲೂರ್ದಮ್ಮ, ನೀವು ಅಲ್ಲಿ ದೊಡ್ಡ ಹೋಟೆಲಲ್ಲಿ ಇದ್ರಂತೆ! ಲೂರ್ದಮ್ಮ, ಹಾವು ತಿಂತಾರಂತೆ ಹೌದಾ? ಹೋಟೆಲಿನ ಗೋಡೆಯ ಮೇಲೆ ನಿಮ್ಮ ಫೋಟೋ ಹಾಕಿದ್ದಾರಂತಲ್ಲ, ನಾವೂ ಹೋಗ್ತೀವಿ ಈ ಶನಿವಾರ. ಅವಳಿಗೆ ಆ ಜನರ ಮೇಲೆ ತಾತ್ಸಾರವೇ ಹುಟ್ಟಿತು. ಒಂದು ನಿಮಿಷದ ವಿಡಿಯೋ ನೋಡಿ ನಾಲಿಗೆ ಅಡವಿಡುವ ಜನ! ಹೋಗಿ ತಿಂದು ಬಂದವರು, “ಆಹಾ, ಏನ್ ಟೇಸ್ಟ್ ಕಣ್ರೀ” ಅಂದಾಗ ಅವಳು ಮನಸ್ಸಿನಲ್ಲೇ ಉಗಿದಳು. ಆದರೆ ಬಾಯಲ್ಲಿ, “ಹೌದಾ, ಸಂತೋಷ” ಅಂದಳು. ಸೀರೆಯ ಸೆರಗು ಸರಿಮಾಡಿಕೊಂಡು, ಇನ್ನೂ ನಾಲ್ಕು ಜನ ಕೇಳಲಿ ಅಂತ ಅಂಗಳದಲ್ಲಿ ಬೇಕೆಂದೇ ನಿಧಾನಕ್ಕೆ ನಡೆದಳು. ಎರಡು ವಾರ ಹೀಗೇ ನಡೆಯಿತು.

ಆಮೇಲೆ ಒಂದು ಸಂಜೆ ಪಕ್ಕದ ಮನೆಯ ದೇವಿರಮ್ಮ ಸಿಕ್ಕಳು.

ದೇವಿರಮ್ಮ ಎಪ್ಪತ್ತರ ಹತ್ತಿರದವಳು, ನಂಜನಗೂಡಿನ ಕಡೆಯ ಬೇಸಾಯದ ಮನೆಯಿಂದ ಬಂದವಳು. ಮಗ ಪ್ರಸಾದ್ ಹೂಟಗಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಸೂಪರ್‌ವೈಸರ್. ಇಡೀ ಬೀದಿಯಲ್ಲಿ ಲೂರ್ದಮ್ಮ ಒಪ್ಪುವ ಕೈ ಅಂದರೆ ದೇವಿರಮ್ಮನದು ಮಾತ್ರ. ಬಸ್ಸಾರಿನ ಪರಿಮಳ ಕಾಂಪೌಂಡು ದಾಟಿ ಬಂದಾಗ, ಇವತ್ತು ಯಾವ ಸೊಪ್ಪು, ಜೀರಿಗೆ ಎಷ್ಟು ಅಂತ ಇವಳು ಇಲ್ಲಿಂದಲೇ ಹೇಳುತ್ತಿದ್ದಳು. ಉಪ್ಪು ಒಂದು ಕಲ್ಲು ಹೆಚ್ಚುಕಮ್ಮಿಯಾದರೂ ಅದನ್ನು ಸರಿಮಾಡುವ ತನಕ ದೇವಿರಮ್ಮ ಪಾತ್ರೆಯನ್ನು ಒಲೆಯಿಂದ ಇಳಿಸುತ್ತಿರಲಿಲ್ಲ.

“ನಿನ್ ಓಟ್ಲಿಗೆ ಹೋಗಿದ್ವಿ ಕಣವ್ವ,” ಅಂದಳು ದೇವಿರಮ್ಮ. “ಪ್ರಸಾದ ಕರ್ಕಂಡೋಗಿದ್ದ. ನಿನ್ ಪಟ ನೋಡ್ದೆ. ಎಷ್ಟ್ ದೊಡ್ಡದು ಮಡಗವ್ರೆ!”

“ತಿಂದ್ರಾ ದೇವಿರಕ್ಕ?”

“ತಿಂದ್ವಿ, ತಿಂದ್ವಿ. ಚೆನ್ನಾಗಿತ್ತು.” ದೇವಿರಮ್ಮ ನೆಲ ನೋಡಿದಳು. “ನಿಜ ಹೇಳ್ಬೇಕು ಅಂದ್ರೆ ನಂಗೆ ಅದರ ರುಚಿನೇ ಗೊತ್ತಾಗ್ಲಿಲ್ಲ ಕಣವ್ವ. ಸಪ್ಪೆ ಸಪ್ಪೆ, ಸೀ ಸೀ. ಅಂಗಂತ ನೀನು ಅಷ್ಟು ವರ್ಷ ಅಲ್ಲೇ ಇದ್ದೋಳು, ನೀನೇ ಚೆನ್ನಾಗಿದೆ ಅಂದ್ಮೇಲೆ ನನ್ ಬಾಯೇ ಕೆಟ್ಟಿರ್ಬೇಕು. ವಯಸ್ಸಾಯ್ತಲ್ಲ. ನಾಲ್ಗೆ ಸತ್ತೋಯ್ತದಂತೆ. ನಿನ್ನೆ ಸಾರಿಗೂ ನಮ್ ಸೊಸೆ ಕೈಲೇ ಉಪ್ಪು ನೋಡಿಸ್ದೆ.”

ಲೂರ್ದಮ್ಮನಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಚರ್ಚಿನ ಅಂಗಳದ ಮಂದಿ ಸುಳ್ಳು ರುಚಿ ಹೊಗಳಿಕೊಂಡು ಹಾಳಾಗಿಹೋಗಲಿ, ಅವರಿಗೆ ಮೊದಲೂ ನಾಲಿಗೆ ಇರಲಿಲ್ಲ. ಆದರೆ ಈ ಹೆಂಗಸು ಅರವತ್ತು ವರ್ಷ ಒಲೆ ಮುಂದೆ ನಿಂತು ಸಂಪಾದಿಸಿದ ನಾಲಿಗೆಯನ್ನು, ತನ್ನ ಮಾತು ನಂಬಿ, ಸೊಸೆಯ ಕೈಗೆ ಕೊಟ್ಟುಬಿಟ್ಟಿದ್ದಾಳೆ. ಮಹೇಂದ್ರ ಕತ್ತರಿಸಿದ್ದು ಒಂದು ಮಾತು. ಉಳಿದದ್ದನ್ನೆಲ್ಲ ಕತ್ತರಿಸಿದವಳು ತಾನೇ. ಆ ಹೋಟೆಲಿನ ತುಕ್ಕು ಬಳಿದ ತಗಡಿಗಿಂತ ತಾನೇನು ಮೇಲು ಅನ್ನಿಸಿತು ಅವಳಿಗೆ.

“ದೇವಿರಕ್ಕ, ನಾಳೆ ಮಧ್ಯಾಹ್ನ ನನ್ ಜೊತೆ ಬನ್ನಿ,” ಅಂದಳು.

“ಎಲ್ಲಿಗೆ?”

“ಅಲ್ಲಿಗೇ.”

“ಮತ್ತೆ ತಿನ್ಬೇಕಾ?” ದೇವಿರಮ್ಮನ ಮುಖ ಇಳಿಯಿತು.

“ತಿನ್ನೋದ್ ಬೇಡ. ಬನ್ನಿ.”

ಮರುದಿನ ಇಬ್ಬರೂ ಆಟೋ ಹಿಡಿದು ಹೋದರು. ಊಟದ ಹೊತ್ತು, ಎಲ್ಲ ಸ್ಟೂಲೂ ತುಂಬಿದ್ದವು. ಬಾಗಿಲಿನ ಎದುರಿಗೇ ಗೋಡೆಯ ಮೇಲೆ ಲೂರ್ದಮ್ಮ: ಎರಡು ಅಡಿ ಅಗಲ, ಕಣ್ಣು ಮುಚ್ಚಿ, ಪರಮಾನಂದದಲ್ಲಿ ತೇಲುತ್ತಿರುವವಳಂತೆ. ನುಂಗಲೋ ಉಗುಳಲೋ ಅಂತ ಯೋಚಿಸಿದ ಆ ಗಳಿಗೆಯನ್ನೇ ಹುಡುಕಿ ಹಿಡಿದಿದ್ದರು. ಯಾರೋ ಗುರುತಿಸಿ, “ಅಯ್ಯೋ, ಲೂರ್ದ್ ಆಂಟಿ!” ಅಂದರು. ನಾಲ್ಕು ಫೋನು ಮೇಲೆದ್ದವು.

ಲೂರ್ದಮ್ಮ ಆ ಗುಂಪಿನ ಕಡೆ ತಿರುಗಿದಳು. “ನೋಡ್ರಪ್ಪ, ನಾನು ಇಂಥದ್ದು ಪೆನಾಂಗಲ್ಲೂ ತಿಂದಿಲ್ಲ ಅಂದಿದ್ದು ಹೊಗಳಕ್ಕಲ್ಲ. ಇಷ್ಟು ಕೆಟ್ಟದಾಗಿ ಅಲ್ಲಿ ಯಾರೂ ಮಾಡಲ್ಲ ಅಂತ. ಅಲ್ಲಿ ನಾನು ದೊಡ್ಡ ಹೋಟ್ಲಲ್ಲೂ ಇರ್ಲಿಲ್ಲ. ಬೀದೀಲಿ ಕೂತು ಎಂಜಲು ಬಟ್ಟಲು ತೊಳೀತಿದ್ದೆ, ಮೀನಿನ ಮುಳ್ಳು ತೆಗೀತಿದ್ದೆ. ಅದಕ್ಕೇ ಹೇಳ್ತೀನಿ, ಇದು ಲಕ್ಸ ಅಲ್ಲ.”

ಎಲ್ಲರೂ ಗೊಳ್ಳೆಂದು ನಕ್ಕರು. “ಆಂಟಿ ಸಖತ್!” ಅಂದ ಒಬ್ಬ ಯುವಕ, ಮಗ್ಗಿನಿಂದ ಇನ್ನೊಂದು ಗುಟುಕು ಹೀರಿ. “ಆಂಟಿ, ಇನ್ನೊಂದ್ಸಲ ಹೇಳಿ, ಸರಿಯಾಗಿ ಬರ್ಲಿಲ್ಲ,” ಅಂದಳು ಫೋನು ಹಿಡಿದ ಹೆಂಗಸೊಬ್ಬಳು. ಹೇಳಿದ್ದು ಯಾರ ಕಿವಿಗೂ ಹೋಗಿರಲಿಲ್ಲ. ಬೈಗುಳವನ್ನೂ ತಟ್ಟೆಗೆ ಹಾಕಿಕೊಂಡು ತಿನ್ನುವ ಈ ಜನಕ್ಕೆ ಏನು ಹೇಳಿದರೂ ಒಂದೇ ಅಂತ ಲೂರ್ದಮ್ಮನಿಗೆ ಅರ್ಥವಾಯಿತು.

ಅವಳು ಬಂದದ್ದೂ ಅವರಿಗಾಗಿ ಅಲ್ಲ. ಪಕ್ಕದಲ್ಲಿ ಸೆರಗು ಬಾಯಿಗೆ ಹಿಡಿದು ನಿಂತಿದ್ದವಳ ಕಡೆ ತಿರುಗಿದಳು.

“ಕೇಳಿಸ್ತಾ ದೇವಿರಕ್ಕ? ಅವತ್ತು ನಿಮ್ ನಾಲ್ಗೆ ಸರಿಯಾಗೇ ಹೇಳಿತ್ತು. ಸುಳ್ಳಾಗಿದ್ದು ನಾನು. ಗೊತ್ತಿದ್ರೂ ಸುಮ್ನಿದ್ದೆ.”

ದೇವಿರಮ್ಮ ಕಣ್ಣು ಬಿಟ್ಟಳು. “ಅಂಗಾದ್ರೆ ಅದು ನಿಜವಾಗ್ಲೂ ಚೆನ್ನಾಗಿರ್ಲಿಲ್ವಾ?”

“ಥೂ, ಒಂಚೂರೂ ಇರ್ಲಿಲ್ಲ.”

“ಅಯ್ಯೋ ನಿನ್ ಮನೆ ಕಾಯೋಗ! ಒಂದ್ ಬೋಗಣಿ ಸಾರು ಕಣ್ ಮುಚ್ಕಂಡು ಕುಡುದ್ನಲ್ಲೇ, ಬುಟ್ರೆ ನಿಂಗ್ ಅವಮಾನ ಆಯ್ತದೆ ಅಂತ!”

ಅಷ್ಟರಲ್ಲಿ ಮಹೇಂದ್ರ ಓಡಿ ಬಂದ. ಇಬ್ಬರನ್ನೂ ಮೆಲ್ಲಗೆ ಕೌಂಟರಿನ ಪಕ್ಕಕ್ಕೆ ಕರೆದ. ಅವನಿಗೆ ಕೋಪವೇನೂ ಬಂದಿರಲಿಲ್ಲ. ಕೋಪ ಬಂದಿದ್ದರೆ ಲೂರ್ದಮ್ಮ ಅವನನ್ನು ಅಷ್ಟಾದರೂ ಮೆಚ್ಚುತ್ತಿದ್ದಳೇನೋ.

“ಆಂಟಿ, ಪ್ರಾಕ್ಟಿಕಲ್ಲಾಗಿ ಯೋಚ್ನೆ ಮಾಡಿ. ಈ ಊರಲ್ಲಿ ಪೆನಾಂಗ್ ಲಕ್ಸ ಹೆಂಗಿರುತ್ತೆ ಅಂತ ಗೊತ್ತಿರೋದು ನಿಮ್ಗೊಬ್ರಿಗೆ. ಒಬ್ರಿಗೋಸ್ಕರ ಅಡುಗೆ ಮಾಡಕ್ಕಾಗುತ್ತಾ? ಮೀನು ಹಾಕಿದ್ರೆ ವಾಸ್ನೆ ಅಂತಾರೆ, ಹುಳಿ ಹಾಕಿದ್ರೆ ಹುಳಿ ಅಂತಾರೆ.”

“ಹಂಗಾದ್ರೆ ಪನೀರು ಸಾರು ಅಂತ ಬೋರ್ಡ್ ಹಾಕು. ಯಾರ್ ಬೇಡ ಅಂದ್ರು?”

“ಪನೀರು ಸಾರಿಗೆ ಯಾರ್ ಬರ್ತಾರೆ ಆಂಟಿ?”

ಅದು ನಿಜವೇ ಆಗಿತ್ತು. ಆ ನಿಜ ಹೇಳಲು ಅವನಿಗೆ ಒಂದಿಷ್ಟೂ ನಾಚಿಕೆಯಿರಲಿಲ್ಲ. ಲೂರ್ದಮ್ಮ ವೇಟರನ್ನು ಕರೆದು, “ಆ ಫೋಟೋ ಇಳ್ಸಪ್ಪ” ಅಂದಳು. ವೇಟರು ಮಾಲೀಕನ ಮುಖ ನೋಡಿದ.

“ಆಂಟಿ, ಅದು ನಮ್ ಪ್ರಾಪರ್ಟಿ,” ಅಂದ ಮಹೇಂದ್ರ, ನಗುತ್ತಲೇ.

“ಫ್ರೇಮು ನಿಂದು. ಮೂತಿ ನಂದು. ಇಳಿಸ್ತೀಯೋ, ಇಲ್ಲೇ ಕೂತು ಬಂದೋರಿಗೆಲ್ಲ ನಿನ್ ಸಾರಿನ ಕತೆ ಹೇಳ್ತಿರ್ಲೋ? ಇವತ್ತು ನಗ್ತಾರೆ. ದಿನಾ ನಗ್ತಾರಾ?”

ಮಹೇಂದ್ರ ಸುತ್ತ ನೋಡಿದ. ಫೋನುಗಳು ಇನ್ನೂ ಮೇಲೆಯೇ ಇದ್ದವು. ಅವತ್ತು ಮೊದಲ ಸಲ ಅವನು ನಗಲಿಲ್ಲ. ವೇಟರಿಗೆ ಕಣ್ಣಲ್ಲೇ ಸನ್ನೆ ಮಾಡಿದ. ಫೋಟೋ ಕೆಳಗಿಳಿಯಿತು. ಲೂರ್ದಮ್ಮ ಅದನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ದೇವಿರಮ್ಮನ ಕೈ ಹಿಡಿದು ಹೊರಗೆ ಬಂದಳು. ಲಾರಿಯೊಂದು ಕಿವಿ ಕಿತ್ತುಹೋಗುವ ಹಾಗೆ ಹಾರ್ನ್ ಮಾಡುತ್ತ ಹಾದುಹೋಯಿತು.

ಮಹೇಂದ್ರನಿಗೆ ಇದರಿಂದ ಕೂದಲೂ ಕೊಂಕಲಿಲ್ಲ. ವಾರದೊಳಗೆ ಆ ಗೋಡೆಯ ಮೇಲೆ ಇನ್ನೊಬ್ಬ ಅಜ್ಜಿಯ ಫೋಟೋ ಬಂತು ಅಂತ ಬೀನಾ ಸುದ್ದಿ ತಂದಳು. ತಲೆಗೆ ಬಿದಿರಿನ ಟೋಪಿ, ಕೈಯಲ್ಲಿ ಮಗ್ಗು. ಬೀನಾಳ ಕ್ಲಿನಿಕ್ಕಿಗೆ ಹಲ್ಲಿನ ಸೆಟ್ಟು ಮಾಡಿಸಲು ಬಂದಿದ್ದ ಮುದುಕಿಯಂತೆ. ಮಂಡ್ಯದಿಂದಾಚೆಗೆ ಊರು ಕಂಡವಳಲ್ಲವಂತೆ. ಜನ ಮೊದಲಿನಂತೆಯೇ ಹೋಗುತ್ತಿದ್ದರು. ಚರ್ಚಿನ ಅಂಗಳದಲ್ಲೂ ಲೂರ್ದಮ್ಮನನ್ನು ಮಾತಾಡಿಸುವುದು ನಿಂತಿತು. ಬಟ್ಟಲು ತೊಳೆಯುತ್ತಿದ್ದಳಂತೆ ಅನ್ನುವುದು ಅಷ್ಟು ಹೊತ್ತಿಗೆ ಎಲ್ಲರಿಗೂ ತಿಳಿದಿತ್ತು. ಡೊಮಿನಿಕ್‌ಗೆ ಸ್ವಲ್ಪ ಮುಜುಗರವಾಯಿತು. “ಅದನ್ನ ಹೇಳೋ ಅಗತ್ಯ ಏನಿತ್ತಕ್ಕ?” ಅಂದ. “ತಿಂದಿದ್ದು ಆ ದುಡ್ಡಲ್ಲೇ ಅಲ್ವೇನೋ,” ಅಂದಳು ಅವಳು.

ಆದರೆ ದೇವಿರಮ್ಮ ಬಿಡಲಿಲ್ಲ. “ಅದಲ್ಲ ಅಂದ್ಮೇಲೆ ಯಾವುದು ಅಂತಾದ್ರೂ ತೋರ್ಸು,” ಅಂದಳು.

ಲೂರ್ದಮ್ಮ ಮಂಡಿ ಮೊಹಲ್ಲಾಕ್ಕೆ ಹೋಗಿ ಬಂಗಡೆ ತಂದಳು. ಕಿವಿರು ಎತ್ತಿ ನೋಡಿ, ಮೂರು ಅಂಗಡಿ ಬಿಟ್ಟು ನಾಲ್ಕನೆಯದರಲ್ಲಿ ಕೊಂಡಳು. ಹುಣಸೆ ನೆನೆಹಾಕಿದಳು. ಒಣ ಸೀಗಡಿ ಹುರಿದು ಮೆಣಸಿನಕಾಯಿಯ ಜೊತೆ ರುಬ್ಬಿದಳು. ಅಲ್ಲಿಯ ಶುಂಠಿಹೂವು ಇಲ್ಲಿ ಸಿಗುವುದಿಲ್ಲ, ಸೀಗಡಿಯ ಕರಿ ಗೊಜ್ಜೂ ಇಲ್ಲ. ಇದೂ ಪೂರ್ತಿ ಅದಲ್ಲ ಅನ್ನುವುದು ಅವಳಿಗೆ ಗೊತ್ತಿತ್ತು, ಅದನ್ನು ಮೊದಲೇ ಹೇಳಿದಳು. ದೇವಿರಮ್ಮ ಅಕ್ಕಿಹಿಟ್ಟು ಬೇಯಿಸಿ ಶಾವಿಗೆ ಒರಳಿಗೆ ಹಾಕಿ ಒತ್ತಿಕೊಟ್ಟಳು. ಸುಡುವ ಮೀನಿನ ಮುಳ್ಳನ್ನು ಲೂರ್ದಮ್ಮ ಬಿಡಿಸುತ್ತಿದ್ದರೆ ಅವಳು ಬೆರಗಿನಿಂದ ನೋಡಿದಳು. “ಬೆರಳು ಸುಡಲ್ವೇನೇ?” “ಸುಡುತ್ತೆ,” ಅಂದಳು ಲೂರ್ದಮ್ಮ.

ಸೌತೆಕಾಯಿ, ಈರುಳ್ಳಿ, ಪುದೀನ, ಅನಾನಸ್ ಚೂರು ಮೇಲೆ ಹಾಕಿ, ಕುದಿಯುವ ಸಾರು ಸುರಿದು ಬಟ್ಟಲು ಮುಂದಿಟ್ಟಳು. ಇಷ್ಟು ವರ್ಷಗಳಲ್ಲಿ ಯಾರಿಗೂ ಅವಳು ಇದನ್ನು ಮಾಡಿ ಬಡಿಸಿರಲಿಲ್ಲ.

ದೇವಿರಮ್ಮ ಒಂದು ಗುಟುಕು ಕುಡಿದಳು. ಬಾಯಲ್ಲಿ ಆಡಿಸಿದಳು. ಇನ್ನೊಂದು ಗುಟುಕು ಕುಡಿದಳು. ಅವಸರ ಮಾಡಲಿಲ್ಲ.

“ಮೀನು ಪಸಂದಾಗದೆ. ಖಾರ ಸರಿಯಾಗದೆ,” ಅಂದಳು. “ಆದ್ರೆ ಹುಳಿ ಜಾಸ್ತಿ ಆಯ್ತು ಕಣವ್ವ. ಮೀನಿಗೆ ಈ ಅನಾನಸ್ ಹಣ್ಣ ಯಾಕ್ ಹಾಕ್ದೆ? ಪುದೀನ ಬೇರೆ. ಇದು ಸಾರೂ ಅಲ್ಲ, ರಸಾಯನಾನೂ ಅಲ್ಲ. ಸುಳ್ಳ್ಯಾಕೆ, ನಂಗಿದು ಇಡಿಸ್ಲಿಲ್ಲ.”

ಲೂರ್ದಮ್ಮ ಅವಳ ಮುಖವನ್ನೇ ನೋಡಿದಳು. ಆಮೇಲೆ ನಗಲು ಶುರುಮಾಡಿದವಳು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ದೇವಿರಮ್ಮನ ಬಟ್ಟಲನ್ನು ತನ್ನ ಕಡೆಗೆ ಎಳೆದುಕೊಂಡಳು. ಮೊದಲು ಅದನ್ನು, ಆಮೇಲೆ ತನ್ನದನ್ನು, ಎರಡನ್ನೂ ಖಾಲಿ ಮಾಡಿದಳು. ದೇವಿರಮ್ಮ ತನ್ನ ಮನೆಗೆ ಹೋಗಿ, ತಾನೇ ಉಪ್ಪು ನೋಡಿ ಇಳಿಸಿದ್ದ ಅವರೆಕಾಳಿನ ಸಾರು ತಂದು, ಉಳಿದ ಶಾವಿಗೆಗೆ ಹಾಕಿಕೊಂಡು ಹೊಟ್ಟೆ ತುಂಬ ಉಂಡಳು.